ಪೆಟ್ಟಿ ಕೇಸು, ಪೆಟ್ಟಿ ಕ್ಯಾಶು

ಠಾಣೆಯಲ್ಲಿ ‘ಪೆಟ್ಟಿ ಕೇಸು’, ಆಫೀಸಿನಲ್ಲಿ ‘ಪೆಟ್ಟಿ ಕ್ಯಾಶು’. ಎರಡರ ಮೂಲವೂ ಫ್ರೆಂಚಿನ ‘ಪೆತಿ’, ಅಂದರೆ ಸಣ್ಣದು. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಅದಕ್ಕೆ ತಾತ್ಸಾರದ ಸೋಂಕಿರಲಿಲ್ಲ. ನೌಕಾಪಡೆಯ ‘ಪೆಟ್ಟಿ ಆಫೀಸರ್’ ಇಂದಿಗೂ ಮರ್ಯಾದೆಯ ಹುದ್ದೆಯೇ. ಕ್ಷುಲ್ಲಕ, ಅಲ್ಪಬುದ್ಧಿಯ ಎಂಬ ಅರ್ಥಗಳು ಆಮೇಲೆ ಅಂಟಿಕೊಂಡವು.

ಆದರೆ ಈ ‘ಸಣ್ಣದು’ ಒಮ್ಮೊಮ್ಮೆ ಜೀವನ್ಮರಣದ ಪ್ರಶ್ನೆ. ಇಂಗ್ಲೆಂಡಿನ ಹಳೇ ಕಾನೂನಿನಲ್ಲಿ 12 ಪೆನ್ಸ್‌ವರೆಗಿನ ಕಳವು ‘ಪೆಟ್ಟಿ ಲಾರ್ಸನಿ’. ಅದನ್ನು ದಾಟಿದರೆ ‘ಗ್ರ್ಯಾಂಡ್’, ಅದಕ್ಕೆ ಗಲ್ಲು. ಶತಮಾನಗಳು ಉರುಳಿ ಬೆಲೆಗಳು ಏರಿದರೂ ಮಿತಿ ಏರಲಿಲ್ಲ. ಹಾಗಾಗಿ ಜ್ಯೂರಿಗಳು ಎಷ್ಟೋ ಸಲ ಕದ್ದ ಮಾಲಿನ ಬೆಲೆ 10 ಪೆನ್ಸ್ ಎಂದುಬಿಟ್ಟು ಕಳ್ಳನ ಕುತ್ತಿಗೆ ಉಳಿಸುತ್ತಿದ್ದರು. ಸುಳ್ಳೇ ಹೌದು, ಪುಣ್ಯದ ಸುಳ್ಳು. 1827ರಲ್ಲಿ ಈ ಭೇದವನ್ನೇ ತೆಗೆದುಹಾಕಿದರು.

ನಮ್ಮ ಪೆಟ್ಟಿ ಅಂಗಡಿ ಮಾತ್ರ ಈ ಬಳಗದ್ದಲ್ಲ. ಅದು ಪೆಟ್ಟಿಗೆಯ ಅಂಗಡಿ: ಬೀಡಿ, ಬಾಳೆಹಣ್ಣು, ಸಾಲಾಗಿ ತೂಗುವ ಶಾಂಪೂ ಪ್ಯಾಕೆಟ್ಟುಗಳ ನಡುವೆ ಒಬ್ಬರು ಕೂರುವಷ್ಟು ಜಾಗ. ಅದನ್ನೇ ‘ಪೆಟ್ಟಿ ಶಾಪ್’ ಎಂದು ಬರೆದರೆ ಇಂಗ್ಲಿಷಿನವರಿಗೂ ಅರ್ಥವಾಗುತ್ತದೆ, ಬೇರೆ ದಾರಿಯಿಂದ.