ಬಳ್ಳಿಗಾವೆಯ ಬೆಡಗು, ಇಂದಿನ ನಗೆ

ಅಡುಗೆಮನೆ, ಸಂತೆ, ಬಸ್ಸು ಮುಂತಾದ ನಿತ್ಯದ ಸಂಗತಿಗಳನ್ನು ಕನಸಿನಂತೆ ತಲೆಕೆಳಗು ಮಾಡಿ ನಗಿಸುವ ಕವನಗಳನ್ನು ನೀವು ಓದಿ ಮೆಚ್ಚಿರಬಹುದು. ಇದು ಹೊರಗಿನಿಂದ ಬಂದ ಹೊಸ ಚಮತ್ಕಾರವೆಂದು ಹೇಳುವವರುಂಟು. ಆಂದ್ರೆ ಬ್ರೆತೋನ್ ಪ್ಯಾರಿಸಿನಲ್ಲಿ ಅತಿವಾಸ್ತವವಾದದ ಪ್ರಣಾಳಿಕೆ ಹೊರಡಿಸಿದ್ದು 1924ರಲ್ಲಿ, ನಿಜ. ಆದರೆ ಅದಕ್ಕೂ ಬಹಳ ಹಿಂದಿನ ಕಥೆಯೊಂದು ಶಿರಾಳಕೊಪ್ಪದ ಪಕ್ಕದಲ್ಲೇ ಇದೆ.

ಶಿರಾಳಕೊಪ್ಪದ ಸಮೀಪದ ಬಳ್ಳಿಗಾವೆ 12ನೆಯ ಶತಮಾನದಲ್ಲಿ ಹೆಸರಾಂತ ವಿದ್ಯಾಕೇಂದ್ರ. ಅಲ್ಲಿನ ಕೋಡಿಯಮಠದ 1162ರ ಶಾಸನವು ವೇದ, ದರ್ಶನ, ವ್ಯಾಕರಣಗಳ ಪಾಠವನ್ನೂ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ನೀಡುತ್ತಿದ್ದುದನ್ನೂ ಹೇಳುತ್ತದೆ. ಮಾತಿನ ಕಟ್ಟುಪಾಡನ್ನು ಹೀಗೆ ಶ್ರದ್ಧೆಯಿಂದ ಕಲಿಸುತ್ತಿದ್ದ ಊರೇ, ಮಾತಿನ ಅರ್ಥವನ್ನು ಬುಡಮೇಲು ಮಾಡಿದ ಅಲ್ಲಮಪ್ರಭುವಿನ ಊರೂ ಹೌದು. ಹರಿಹರನ ರಗಳೆಯಲ್ಲಿ ಆತ ಮದ್ದಳೆಗಾರ. ಪ್ರಿಯೆ ಕಾಮಲತೆಯ ಸಾವಿನಿಂದ ಕಂಗೆಟ್ಟವನು.

ಅಲ್ಲಮನ ಬೆಡಗಿನ ವಚನಗಳಲ್ಲಿ ಬರುವುದು ಕಪ್ಪೆ, ಗಿಳಿ, ತುಂಬಿ, ನೀರು, ಬೆಂಕಿಯಂಥ ಕಂಡುಂಡ ವಸ್ತುಗಳೇ. ಆದರೆ ಅಲ್ಲಿ ಚಿಕ್ಕದು ದೊಡ್ಡದನ್ನು ನುಂಗುತ್ತದೆ. ಕೇಳಿದವರಿಗೆ ಮೊದಲು ನಗು, ಆಮೇಲೆ ಗಲಿಬಿಲಿ, ಕೊನೆಗೆ ಯೋಚನೆ. ರೂಢಿಯ ಮಾತಿಗೆ ಸಿಗದ ಅನುಭವವನ್ನು ಹೇಳಲು ಆತ ರೂಢಿಯನ್ನೇ ಮುರಿದ.

ಈ ದಾರಿ ಅಲ್ಲಿಗೇ ನಿಲ್ಲಲಿಲ್ಲ. ಶಿಶುನಾಳ ಷರೀಫರು (1819–1889) ಮನೆಯಂಗಳದ ಪ್ರಾಣಿಗಳನ್ನೂ ಮನೆಯ ಮಾಡನ್ನೂ ಇಂಥ ಒಗಟಿಗೆ ತಂದರು. 1973ರಲ್ಲಿ ಅಲ್ಲಮನೂ ಸೇರಿ ನಾಲ್ವರು ವಚನಕಾರರನ್ನು ಇಂಗ್ಲಿಷಿಗೆ ತಂದವರು ಎ.ಕೆ. ರಾಮಾನುಜನ್. ಅದಕ್ಕೆ ನಾಲ್ಕು ವರ್ಷ ಮೊದಲು ಬಂದ ಅವರ ಕನ್ನಡ ಕವನಸಂಕಲನದ ಹೆಸರು 'ಹೊಕ್ಕುಳಲ್ಲಿ ಹೂವಿಲ್ಲ'. ವಿಷ್ಣುವಿನ ನಾಭಿಯ ಕಮಲವನ್ನು ನೆನೆದು ಈ ಹೆಸರನ್ನು ಓದಿ. ನಮ್ಮ ನಿಮ್ಮಂಥವರ ಬರಿಯ ಹೊಕ್ಕುಳು ಕಣ್ಣಮುಂದೆ ಬಂದು ನಗು ಬರುವುದಿಲ್ಲವೇ?

ಪರೀಕ್ಷೆಯ ಕಾಲದಲ್ಲಿ ನಾವು 'ಕಪ್ಪೆ ಎಂದರೆ ಇದು, ಗಿಳಿ ಎಂದರೆ ಅದು' ಎಂದು ಬಾಯಿಪಾಠ ಮಾಡುತ್ತೇವೆ. ಟೀಕೆಗಳು ಬೇಕು, ಅವಿಲ್ಲದಿದ್ದರೆ ಎಷ್ಟೋ ಬೆಡಗು ಇಂದು ತಿಳಿಯುತ್ತಲೇ ಇರಲಿಲ್ಲ. ಆದರೆ ಟೀಕೆಯನ್ನಷ್ಟೇ ಓದಿದವರಿಗೆ ಬೆರಗೂ ಇಲ್ಲ, ನಗುವೂ ಇಲ್ಲ. ಆದ್ದರಿಂದ ಮೊದಲು ವಚನವನ್ನು ಗಟ್ಟಿಯಾಗಿ ಓದಿ. ನಗು ಬಂದರೆ ನಕ್ಕುಬಿಡಿ. ಯಾಕೆ ನಕ್ಕೆವೆಂದು ಕೇಳಿಕೊಂಡ ಮೇಲೆ ಟೀಕೆಯ ಪುಟ ತೆರೆಯಿರಿ.