ಕಲ್ಲು ಹೊತ್ತವರ ಊರು

ಇಂಡಿಯಿಂದ ಬರಲಿ, ಸಿಂದಗಿಯಿಂದ ಬರಲಿ, ಮುದ್ದೇಬಿಹಾಳದಿಂದಲೋ ಬಸವನ ಬಾಗೇವಾಡಿಯಿಂದಲೋ ಬರಲಿ, ವಿಜಾಪುರ ಇನ್ನೂ ದೂರ ಇರುವಾಗಲೇ ಬಸ್ಸಿನ ಕಿಟಕಿಯೊಳಗ ಗೋಳಗುಮ್ಮಟ ಕಾಣತೈತಿ. ಸಾಲಿ ಹುಡುಗರಾಗಿದ್ದಾಗ ನಾವೂ ಹಾಗೇ ಕಂಡೆವು. ಮೆಟ್ಟಿಲು ಹತ್ತಿ ಮ್ಯಾಲೆ ಹೋದಾಗ ಮಾಸ್ತರರು, ‘ಕೂಗ್ರೋ, ಏಳು ಸಲ ಕೇಳತೈತಿ’ ಅಂದರು. ನಾವು ಅಪ್ಪನ ಹೆಸರು ಕೂಗಿದೆವು. ಊರಾಗ ನಮ್ಮಪ್ಪನನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಿರಲಿಲ್ಲ. ಅರ್ಧ ಹೆಸರು, ಇಲ್ಲಾ ಬರೀ ‘ಏ ಇವನ’. ಗುಮ್ಮಟ ಮಾತ್ರ ಪೂರ್ತಿ ಹೆಸರು ಹಿಡಿದು ಕರೆಯಿತು. ಅದೂ ಏಳು ಸಲ.

ಮನೆಗೆ ಬಂದು ಹೇಳಿದಾಗ ಅವ್ವ ನಕ್ಕಳು. ‘ನಾನೂ ಅಂಥಾ ಗುಮ್ಮಟಾ ನೋಡೀನಪಾ. ರಿಪೇರಿ ನಡದಾಗ ಸುಣ್ಣದ ಬುಟ್ಟಿ ಹೊತ್ತೀನಿ. ನಮಗ್ಯಾರೂ ಕೂಗು ಅನ್ನಲಿಲ್ಲ’ ಅಂದಳು.

ಅವತ್ತು ಈ ಮಾತು ನಮ್ಮ ತಲೆಗೆ ಹೋಗಲಿಲ್ಲ. ಡಿಗ್ರಿ ಮುಗಿಸಿ, ಲೈಬ್ರರಿಯಲ್ಲಿ ಕೂತು ಚರಿತ್ರೆಯ ಪುಸ್ತಕ ತಿರುವಿ ಹಾಕುವಾಗ ತಿರುತಿರುಗಿ ಬಂತು, ಗುಮ್ಮಟದ ದನಿ ಬಂದ ಹಾಗೆ. ಈಗ ಜಗತ್ತಿನ ತುಂಬ ‘ಪರಂಪರೆಯ ನಗರ’ಗಳ ಮಾತು ನಡೆದಿದೆ. ಉಳಿಸಬೇಕು ಅನ್ನುತ್ತಾರೆ. ಹೌದು, ಉಳಿಸಬೇಕು. ಆದರೆ ಯಾವುದನ್ನು? ಯಾರ ಹೆಸರಿನಲ್ಲಿ? ಸುಣ್ಣದ ಬುಟ್ಟಿ ಹೊತ್ತವಳ ಲೆಕ್ಕ ಯಾವ ಪುಟದಲ್ಲಿ?

ಮೊದಲು ಊರಿನ ಲೆಕ್ಕ ನೋಡೋಣ. 1490ರ ಸುಮಾರಿಗೆ ಯೂಸುಫ್ ಆದಿಲಶಹನಿಂದ ಶುರುವಾದ ರಾಜ್ಯ 1686ರಲ್ಲಿ ಔರಂಗಜೇಬನ ಕೈಗೆ ಬಿತ್ತು. ಈ ಇನ್ನೂರು ವರ್ಷದೊಳಗೆ ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆ ಎದ್ದಿತು, ಮಸೀದಿ, ಮಹಲು, ರೋಜಾಗಳು ಎದ್ದವು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲಶಹನ ಗೋರಿಯೇ ಗೋಳಗುಮ್ಮಟ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ನಡುವೆ ಒಂದೂ ಕಂಬವಿಲ್ಲ. ಒಂದರೊಳಗೊಂದು ಹಾಯ್ದ ಕಮಾನುಗಳ ಮೇಲೆ ಅಷ್ಟೂ ಭಾರ ನಿಂತಿದೆ. ಈ ಲೆಕ್ಕ ತಿಳಿದಿದ್ದವರು ದಡ್ಡರಾಗಿರಲಿಲ್ಲ. ಆ ಕರಿಕಲ್ಲನ್ನು ಗಣಿಯಿಂದ ಎಬ್ಬಿಸಿದವರ, ಸುಣ್ಣ ಅರೆದವರ, ಅಟ್ಟಣಿಗೆಯ ಮೇಲೆ ನಿಂತು ಕಲ್ಲಿಗೆ ಕಲ್ಲು ಕೂಡಿಸಿದವರ ಹೆಸರು ಎಲ್ಲಿ? ಇಬ್ರಾಹಿಂ ರೋಜಾದ ಬರಹದಲ್ಲಿ ಒಂದು ಹೆಸರು ಸಿಗುತ್ತದೆ, ಮಲಿಕ್ ಸಂದಲ್. ಖರ್ಚು ಒಂದೂವರೆ ಲಕ್ಷ ಹೊನ್ನು ಅಂತಲೂ ಅಲ್ಲಿದೆ. ಈ ಮಲಿಕ್ ಸಂದಲ್ ಒಬ್ಬ ಹಬ್ಶಿ, ಆಫ್ರಿಕಾದ ಅಬಿಸೀನಿಯಾ ಮೂಲದವನು. ಹಬ್ಶಿಗಳನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದು ದಖ್ಖನ್ನಿನಲ್ಲಿ ಮಾರುತ್ತಿದ್ದ ಕಾಲ ಅದು. ಒಬ್ಬ ಕರಿಯನ ಹೆಸರು ಗೋಡೆಯ ಮೇಲೆ ಉಳಿದಿದೆ ಅನ್ನೋದೇ ನಮಗೆ ದೊಡ್ಡ ಸಂಗತಿ. ಅವನ ಕೈಕೆಳಗೆ ದುಡಿದ ಸಾವಿರಾರು ಜನ ಮಾತ್ರ ‘ಒಂದೂವರೆ ಲಕ್ಷ ಹೊನ್ನು’ ಅನ್ನುವ ಅಂಕಿಯೊಳಗೆ ಕರಗಿಹೋದರು.

ಈ ಹೊನ್ನು ಎಲ್ಲಿಂದ ಬಂತು? ಮುದ್ದೇಬಿಹಾಳದ ಕಡೆ ಕೃಷ್ಣೆಯ ದಂಡೆಗೆ ನಡೀರಿ. ತಾಳಿಕೋಟಿ ಯುದ್ಧ, ರಕ್ಕಸಗಿ-ತಂಗಡಗಿ ಕಾಳಗ ಅಂತ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ 1565ರ ಜನವರಿಯ ಯುದ್ಧ ನಡೆದದ್ದು ಈ ಸೀಮೆಯಲ್ಲಿ. ಹಂಪಿ ಹಾಳಾಯಿತು, ವಿಜಾಪುರ ಉಬ್ಬಿತು. ಒಂದು ಪಟ್ಟಣದ ಸುಲಿಗೆ ಇನ್ನೊಂದು ಪಟ್ಟಣದ ಗೋಡೆಯಾಯಿತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಿಜಾಪುರದ ಸ್ಮಾರಕಗಳು 2014ರಲ್ಲಿ ಕಲಬುರಗಿ, ಬೀದರ, ಹೈದರಾಬಾದಿನವುಗಳ ಜತೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. ಗೆದ್ದವನೂ ಪಟ್ಟಿಯಲ್ಲಿ, ಸೋತವನೂ ಪಟ್ಟಿಯಲ್ಲಿ. ಎರಡೂ ಕಡೆಯ ದಂಡಿನ ಕಾಲಡಿಗೆ ಬಿದ್ದ ಜೋಳದ ಹೊಲದವನು ಯಾವ ಪಟ್ಟಿಯಲ್ಲೂ ಇಲ್ಲ.

ವಿಜಾಪುರದ ದೊಡ್ಡಸ್ತಿಕೆ ಗುಮ್ಮಟದಲ್ಲಷ್ಟೇ ಇಲ್ಲ, ನೀರಿನಲ್ಲೂ ಇದೆ. ಇದು ಬರದ ನಾಡು. ಇಂಥಲ್ಲಿ ದೊಡ್ಡ ಪಟ್ಟಣಕ್ಕೆ ನೀರು ಕುಡಿಸಿದ್ದು ಹೇಗೆ? ಊರ ಪಶ್ಚಿಮಕ್ಕೆ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದರು. ಗಾಳಿ ಬೆಳಕಿಗೆ, ಹೂಳು ತೆಗೆಯಲಿಕ್ಕೆ ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟರು. ಇಳಿಜಾರಿನ ಮೇಲೆ ನೀರು ತಾನಾಗಿ ಹರಿಯುತ್ತಿತ್ತು. ಇದೇ ಸುರಂಗ ಬಾವಡಿ, ಕರೇಜ್ ಪದ್ಧತಿ. 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಂತೆ ನಡುನಡುವೆ ‘ಗಂಜ್’ ಎಂಬ ನೀರಿನ ಗೋಪುರ ಕಟ್ಟಿದರು. 1620ರ ತಾಜ ಬಾವಡಿ ಕಟ್ಟಿಸಿದವನೂ ಮಲಿಕ್ ಸಂದಲನೇ ಅನ್ನುತ್ತಾರೆ. ದಖ್ಖನ್ನಿನ ಈ ಹಳೆಯ ನೀರಿನ ವ್ಯವಸ್ಥೆಗಳು 2020ರ ವಿಶ್ವ ಸ್ಮಾರಕ ನಿಧಿಯ ಕಾಳಜಿ ಪಟ್ಟಿಗೆ ಸೇರಿದವು. ಸಂತೋಷ. ಆದರೆ ಗೆಳೆಯರೇ, ನೀರು ಅಂದ ಕೂಡಲೇ ನಮಗೆ ಬೇರೆ ಬಾವಿ ನೆನಪಾಗತೈತಿ. ನಮ್ಮೂರಿನ ದೊಡ್ಡ ಬಾವಿಗೆ ಕಲ್ಲು ಕಟ್ಟಿದವರಲ್ಲಿ ನಮ್ಮ ಮುತ್ಯಾನೂ ಒಬ್ಬ. ನೀರು ಬಿದ್ದ ದಿನ ಪೂಜೆ ಮಾಡಿದರು. ಮರುದಿನದಿಂದ ಮುತ್ಯಾ ಕೊಡ ಹಿಡಿದು ದೂರ ನಿಂತ. ಯಾರಾದರೂ ಮ್ಯಾಲಿಂದ ಸುರಿದರೆ ನೀರು, ಇಲ್ಲದಿದ್ದರೆ ಹಳ್ಳ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು ಯಾಕೆ ಅಂತ ನಮಗೆ ಪುಸ್ತಕ ಹೇಳಬೇಕಾಗಿರಲಿಲ್ಲ. ಮುತ್ಯಾನ ಬರಿ ಕೊಡ ಹೇಳಿತ್ತು.

ಇಂಡಿ ತಾಲೂಕಿನ ಸಾಲೋಟಗಿಗೆ ಬರೋಣ. ಅಲ್ಲಿ ಸಿಕ್ಕ ಕಂಬದ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ನಾನಾ ಜನಪದಗಳಿಂದ ಹುಡುಗರು ಬಂದು ಓದುತ್ತಿದ್ದರು. ಅವರು ಇರಲು 27 ಮನೆ, ದೀಪದ ಎಣ್ಣೆಗೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ. ಊರವರು ಮದುವೆಗಿಷ್ಟು, ಮುಂಜಿಗಿಷ್ಟು ಅಂತ ಶಾಲೆಗೆ ಕಾಣಿಕೆ ಕೊಡಬೇಕು. ಸಾವಿರ ವರ್ಷಕ್ಕೂ ಹಿಂದೆ, ನಮ್ಮದೇ ಮಣ್ಣಿನಲ್ಲಿ, ಹಾಸ್ಟೆಲ್ಲು! ಇದನ್ನು ಓದಿದಾಗ ಹೆಮ್ಮೆಯೂ ಆಯಿತು, ಹೊಟ್ಟೆಯೊಳಗೆ ಸಂಕಟವೂ ಆಯಿತು. ಅದು ಬ್ರಾಹ್ಮಣ ವಟುಗಳ ಶಾಲೆ. ಆ 12 ನಿವರ್ತನ ಹೊಲ ಉತ್ತವನ ಮಗ ಆ ದೀಪದ ಬೆಳಕಿಗೆ ಕೂತು ಅಕ್ಷರ ತಿದ್ದಲಿಲ್ಲ. ನಮ್ಮ ವಂಶದಲ್ಲಿ ಆ ಬೆಳಕಿಗೆ ಮೊದಲು ಕೂತವರು ನಾವು, ಒಂದು ಹಾಸ್ಟೆಲ್ಲಿನಲ್ಲಿ, ಇಪ್ಪತ್ತು ಜನಕ್ಕೆ ಒಂದು ಬಲ್ಬಿನ ಕೆಳಗೆ. ಸಾಲೋಟಗಿಯ ದೀಪ ನಮ್ಮ ತನಕ ಬರಲಿಕ್ಕೆ ಸಾವಿರ ವರ್ಷ ಹಿಡಿಯಿತು.

ಆ ಶಾಸನ ಹುಟ್ಟಿ ಎರಡು ಶತಮಾನ ಕಳೆದ ಮೇಲೆ, ಅಲ್ಲಿಂದ ಬಹಳ ದೂರವಿಲ್ಲದ ಬಾಗೇವಾಡಿಯ ಅಗ್ರಹಾರದಲ್ಲಿ ಒಬ್ಬ ಹುಡುಗ ನನಗೆ ಮುಂಜಿ ಬೇಡ ಅಂದು ಮನೆ ಬಿಟ್ಟ ಅಂತ ಜನ ಹೇಳುತ್ತ ಬಂದಿದ್ದಾರೆ. ಮುಂಜಿಯ ಕಾಣಿಕೆಯಿಂದ ಶಾಲೆ ನಡೆಯುತ್ತಿದ್ದ ಸೀಮೆಯಲ್ಲಿ ಮುಂಜಿಯನ್ನೇ ನೂಕಿದ ಮಾತಿಗೆ ಎಷ್ಟು ತೂಕ ಇರಬೇಕು, ಯೋಚಿಸಿ. ಆ ಬಸವಣ್ಣನ ಸುತ್ತ ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಸೇರಿದರು. ಅವರ ಪರಂಪರೆ ಕಲ್ಲಿನಲ್ಲಿ ಉಳಿಯಲಿಲ್ಲ, ಮಾತಿನಲ್ಲಿ ಉಳಿಯಿತು. ಆ ಮಾತಾದರೂ ತಾನಾಗಿ ಉಳಿಯಲಿಲ್ಲ. ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಹುಳು ತಿನ್ನುತ್ತಿದ್ದ ತಾಡೋಲೆ ಕೂಡಿಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಬಂತು. ಇದ್ದ ಮನೆ ಮಾರಿ ಮುದ್ರಣಾಲಯ ಹಾಕಿದರು. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಶಾಸನ, ವಚನ ಎರಡನ್ನೂ ಜೀವಮಾನವಿಡೀ ಅಗೆದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಿಗೆ ಗುಂಡು ಬಂತು. ಹಳೆಯದನ್ನು ಉಳಿಸುವುದು ನಿರಪಾಯದ ಕೆಲಸ ಅಂದುಕೊಂಡವರು ಇದನ್ನು ನೆನಪಿಡಬೇಕು.

1964ನೇ ಇಸವಿಯನ್ನು ಗುರುತು ಹಾಕಿಕೊಳ್ಳಿ. ಆ ವರ್ಷ ಮೇ ತಿಂಗಳಲ್ಲಿ ಇಟಲಿಯ ವೆನಿಸ್ಸಿನಲ್ಲಿ ಪಂಡಿತರು ಕೂಡಿ, ಸ್ಮಾರಕಗಳನ್ನು ಹೇಗೆ ಕಾಪಾಡಬೇಕೆಂಬ ಸನದು ಬರೆದರು. ಅದೇ ಮೇ ತಿಂಗಳಲ್ಲಿ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಅದೇ ವರ್ಷ ಈಜಿಪ್ತಿನಲ್ಲಿ ನೈಲ್ ನದಿಯ ಅಣೆಕಟ್ಟಿಗೆ ಮುಳುಗಲಿದ್ದ ಅಬು ಸಿಂಬೆಲ್ ದೇಗುಲಗಳನ್ನು ಕೊಯ್ದು ಎತ್ತರಕ್ಕೆ ಸಾಗಿಸುವ ಕೆಲಸ ಸುರುವಾಯಿತು. ಲೋಕವೆಲ್ಲ ಹಣ ಕೊಟ್ಟಿತು. ಅದೇ ನೀರಿಗೆ ಊರು ಕಳಕೊಂಡ ಸಾವಿರಾರು ನೂಬಿಯ ಜನರನ್ನು ಬೇರೆಡೆ ಸಾಗಿಸಿದ ಕತೆಯನ್ನು ಲೋಕ ಅಷ್ಟಾಗಿ ಹೇಳುವುದಿಲ್ಲ. ನಮ್ಮಲ್ಲೂ ಹಾಗೇ ಆಯಿತು. ಕೂಡಲಸಂಗಮದ ಐಕ್ಯಸ್ಥಳಕ್ಕೆ ನೀರು ನುಗ್ಗದಂತೆ ಸುತ್ತ ಗೋಡೆ ಕಟ್ಟಿದರು, ಒಳ್ಳೆಯದಾಯಿತು. ಆದರೆ ಕೃಷ್ಣೆಯ ದಂಡೆಯ ಊರುಗಳು ಮುಳುಗಿದವು, ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು. ಊರು ಮುಳುಗಿದಾಗ ಕೇರಿಯೂ ಮುಳುಗಿತು. ಹೊಲ ಇದ್ದವನಿಗೆ ಹೊಲದ ಪರಿಹಾರ. ಹೊಲವಿಲ್ಲದವನು, ಹಲಿಗೆ ಕಾಸುತ್ತಿದ್ದ ಕಟ್ಟೆ, ಅವ್ವನನ್ನು ಹೂತ ಜಾಗ, ಇವಕ್ಕೆ ಯಾವ ದರ ಕೇಳಬೇಕು?

ಜಗತ್ತಿನ ಬೇರೆ ಊರುಗಳ ಕತೆಯೂ ಪಾಠ ಹೇಳುತ್ತದೆ. ಬ್ರೆಜಿಲಿನ ಸಾಲ್ವಡೋರ್ ನಗರದ ಹಳೇ ಪೇಟೆಗೆ ಪೆಲೊರಿನ್ಯೊ ಅಂತ ಹೆಸರು. ಹಾಗೆಂದರೆ ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ. 1985ರಲ್ಲಿ ಅದು ವಿಶ್ವ ಪರಂಪರೆಯಾಯಿತು. 90ರ ದಶಕದಲ್ಲಿ ಅದಕ್ಕೆ ಬಣ್ಣ ಬಳಿಯುವಾಗ ಅಲ್ಲಿದ್ದ ಬಡ ಕರಿಯ ಕುಟುಂಬಗಳನ್ನು ಎಬ್ಬಿಸಿದರು. ಹಂಪಿಯ ಬಜಾರದ ಮನೆಗಳ ಮೇಲೆ 2011ರಲ್ಲಿ ಬುಲ್ಡೋಜರ್ ಹರಿದದ್ದನ್ನು ನಾವು ಮರೆತಿಲ್ಲ. ಆದರೆ ಅದೇ ಬ್ರೆಜಿಲಿನ ರಿಯೊದಲ್ಲಿ, ಸುಮಾರು 9 ಲಕ್ಷ ಆಫ್ರಿಕನ್ ಗುಲಾಮರು ಬಂದಿಳಿದ ವಲೊಂಗೊ ಎಂಬ ಕಲ್ಲಿನ ಕಟ್ಟೆ 2011ರಲ್ಲಿ ಮಣ್ಣಿನಡಿ ಸಿಕ್ಕಿತು. 2017ರಲ್ಲಿ ಅದೂ ವಿಶ್ವ ಪರಂಪರೆಯಾಯಿತು. ಅಲ್ಲಿ ಗುಮ್ಮಟವಿಲ್ಲ, ಗೋಪುರವಿಲ್ಲ. ಬರೀ ತುಳಿದ ಕಲ್ಲು. ಅವಮಾನದ ಜಾಗವನ್ನೂ ಕಾಪಾಡಬೇಕು ಅಂತ ಜಗತ್ತು ಒಪ್ಪಿದೆ. ಹಾಗಾದರೆ ಮುತ್ಯಾ ಕೊಡ ಹಿಡಿದು ನಿಂತ ಬಾವಿಕಟ್ಟೆ?

ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟಬಾರದು ಅಂತ 2010ರ ತಿದ್ದುಪಡಿ ಕಾಯಿದೆ ಹೇಳುತ್ತದೆ. ಕಾಯಿದೆ ಬೇಕು, ಅದಿಲ್ಲದಿದ್ದರೆ ಲೂಟಿಕೋರರು ಬುರುಜಿನ ಕಲ್ಲೂ ಬಿಡುವುದಿಲ್ಲ. ಆದರೆ ತಲೆತಲಾಂತರದಿಂದ ಆ ನೆರಳಿನಲ್ಲಿ ಬದುಕಿದವರನ್ನು ಕಸ ಅಂತ ನೋಡುವ ಕಾಪಾಡುವಿಕೆ ನಮಗೆ ಬೇಡ. ಈ ಗುಮ್ಮಟ ಪರಕೀಯರದು ಅನ್ನುವ ಮಾತೂ ನಮಗೆ ಬೇಡ. ಸರಸ್ವತಿಯನ್ನು ಸ್ತುತಿಸಿ ‘ಕಿತಾಬ್-ಎ-ನವರಸ್’ ಬರೆದ ಇಬ್ರಾಹಿಂ ಆದಿಲಶಹ ಈ ಊರಿನವನು. ಕಲ್ಲು ಇಲ್ಲಿಯದು, ಬೆವರು ಇಲ್ಲಿಯದು. ಬೆವರಿಗೆ ಯಾವ ಧರ್ಮದ ವಾಸನೆಯೂ ಇಲ್ಲ.

ಈಗ ಮಾಡುವುದೇನು? ಯುದ್ಧದಲ್ಲಿ ನೆಲಸಮವಾದ ಪೋಲೆಂಡಿನ ವಾರ್ಸಾ ನಗರವನ್ನು ಜನ ಮತ್ತೆ ಮೊದಲಿನಂತೆ ಕಟ್ಟಿದರು. ಅದಕ್ಕೆ ನೆರವಾದವುಗಳಲ್ಲಿ ಯುದ್ಧಕ್ಕೆ ಮುಂಚೆ ವಿದ್ಯಾರ್ಥಿಗಳು ಬರೆದಿಟ್ಟಿದ್ದ ಕಟ್ಟಡಗಳ ನಕ್ಷೆಗಳೂ ಇದ್ದವು. ವಿದ್ಯಾರ್ಥಿ ಗೆಳೆಯರೇ, ಹಳ್ಳಿಯ ಮಾಸ್ತರರೇ, ನಮ್ಮ ಕೈಯಲ್ಲೂ ನೋಟಬುಕ್ಕು ಐತಿ. ನಿಮ್ಮ ಊರಿನ ಬಾವಿಗೆ ಹೋಗ್ರಿ. ಕಟ್ಟಿದವರ್ಯಾರು, ನೀರು ಸೇದಿದವರ್ಯಾರು, ದೂರ ನಿಂತವರ್ಯಾರು, ಬರ್ಕೊಳ್ರಿ. ಮುಳುಗಿದ ಊರಿನ ಮುದುಕರನ್ನು ಕೂಡಿಸಿ ಕೇರಿಯ ನಕ್ಷೆ ತಗೀರಿ. ತಾಂಡಾದಿಂದ, ಕೇರಿಯಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗಿ ಇವತ್ತಿನ ಪಟ್ಟಣಗಳನ್ನು ಕಟ್ಟುತ್ತಿರುವವರ ಹೆಸರು ಬರ್ಕೊಳ್ರಿ. ನಾಳೆ ಅವೂ ಪರಂಪರೆ ಆಗತಾವ. ಆಗ ಮತ್ತೊಂದು ಹುಡುಗ ಕೂತು ‘ಇವರ ಹೆಸರು ಎಲ್ಲಿ?’ ಅಂತ ಹುಡುಕುವಂತಾಗಬಾರದು.

ಹೋದ ವರ್ಷ ಅವ್ವನನ್ನು ಟಿಕೇಟು ತಗೊಂಡು ಗೋಳಗುಮ್ಮಟಕ್ಕೆ ಕರಕೊಂಡು ಹೋದೆವು. ಮೆಟ್ಟಿಲು ಹತ್ತೂದಕ್ಕ ಮೊಣಕಾಲು ಹಿಡಿದವು. ಕೂತು ಕೂತು ಹತ್ತಿದಳು. ಮ್ಯಾಲೆ ಹೋದ ಮೇಲೆ ‘ಕೂಗಬೇ ಯವ್ವಾ’ ಅಂದೆವು. ಬಹಳ ಹೊತ್ತು ಸುಮ್ಮನೆ ನಿಂತು ಗೋಡೆಯ ಗಿಲಾವು ಸವರಿ ನೋಡಿದಳು. ಆಮೇಲೆ ಅವಳು ಕೂಗಿದ್ದು ತನ್ನ ಹೆಸರಲ್ಲ, ನಮ್ಮ ಹೆಸರೂ ಅಲ್ಲ. ಸುಣ್ಣದ ಬುಟ್ಟಿ ಜತೆಗೆ ಹೊತ್ತ ಗೆಳತಿಯರ ಹೆಸರು ಒಂದೊಂದಾಗಿ ಕೂಗಿದಳು. ನಾವು ನೋಟಬುಕ್ಕು ತಗದು ಬರಕೊಂಡೆವು.