ಹಳದಿ ಹಕ್ಕಿಯ ನಾಲ್ಕು ವರ್ಷ

2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಗೆ ಬೀಗ ಬಿತ್ತು. ಕಾರಣ ಒಂದು ಹಳೆಯ ಫೋಟೊ: 1936ರ ಹ್ಯಾಂಬರ್ಗ್ ಹಡಗುಕಟ್ಟೆಯಲ್ಲಿ ಎಲ್ಲರೂ ನಾಜಿ ವಂದನೆಗೆ ಕೈ ಚಾಚಿದ್ದಾಗ ಒಬ್ಬ ಮಾತ್ರ ಕೈಕಟ್ಟಿ ನಿಂತ ಚಿತ್ರ. ಹಿಟ್ಲರನಿಗೆ ತಲೆಬಾಗದವನ ಚಿತ್ರವನ್ನೇ ಟ್ವಿಟರ್ ದ್ವೇಷದ ಖಾತೆಗೆ ಜಮಾ ಮಾಡಿತ್ತು. ಸಿಟ್ಟಿಗೆದ್ದ ಅನೇಕರು ಮಾಸ್ಟೊಡಾನ್ ಎಂಬ ಇನ್ನೊಂದು ಜಾಲದ ಕಡೆ ಹೊರಟರು. ಅಲ್ಲಿ ಒಬ್ಬ ಒಡೆಯನಿಲ್ಲ, ಜಾಹೀರಾತಿಲ್ಲ. ಆದರೆ ಯಾವ ಸರ್ವರ್ ಸೇರಬೇಕೆಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಹಲವರ ಸಿಟ್ಟು ಇಳಿದಿತ್ತು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಟ್ಯಾಕ್ಸಿಫಾರ್‌ಶ್ಯೂರ್ ಕಟ್ಟಿ ಓಲಾಗೆ ಮಾರಿದ್ದ ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದವತ್ಕಾ ಜೊತೆ ಸೇರಿ 2020ರಲ್ಲಿ ಟ್ವಿಟರ್ ಮಾದರಿಯ 'ಕೂ' ಆಪ್ ತಂದರು. ಹಳದಿ ಹಕ್ಕಿಯ ಲಾಂಛನ. ಮೊದಲು ಕೂಗಿದ್ದು ಕನ್ನಡದಲ್ಲಿ. ಹಿಂದಿ, ತಮಿಳು, ತೆಲುಗೆಲ್ಲ ಆಮೇಲೆ ಬಂದವು. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಬಂದರು. ಕನ್ನಡದಲ್ಲಿ ಟೈಪಿಸಲು ಬೇಸರವಾದರೆ ಮಾತಾಡಿಯೇ ಹಾಕಬಹುದಿತ್ತು. ಆ ಆಗಸ್ಟ್‌ನಲ್ಲಿ ಕೇಂದ್ರದ ಆತ್ಮನಿರ್ಭರ ಆಪ್ ಸ್ಪರ್ಧೆಯಲ್ಲಿ ಬಹುಮಾನ, 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯ ಬಾಯಲ್ಲಿ ಹೆಸರು. ಇಷ್ಟಾದರೂ ಅದಿನ್ನೂ ಸಣ್ಣ ಆಪ್.

ದೊಡ್ಡದು ಮಾಡಿದ್ದು ಜಗಳ. 2021ರ ಫೆಬ್ರವರಿಯಲ್ಲಿ ರೈತ ಚಳವಳಿಗೆ ಸಂಬಂಧಿಸಿದ ನೂರಾರು ಖಾತೆಗಳನ್ನು ಮುಚ್ಚಿ ಎಂದು ಸರ್ಕಾರ ಹೇಳಿತು. ಟ್ವಿಟರ್ ಪೂರ್ತಿ ಒಪ್ಪಲಿಲ್ಲ. ಟ್ವಿಟರ್‌ಗೆ ಕೊಡಬೇಕಿದ್ದ ಉತ್ತರವನ್ನು ಮಾಹಿತಿ ತಂತ್ರಜ್ಞಾನ ಸಚಿವಾಲಯ ಮೊದಲು ಹಾಕಿದ್ದು 'ಕೂ'ನಲ್ಲಿ! ಕೇಂದ್ರ ಸಚಿವ ಪಿಯೂಷ್ ಗೋಯಲ್ ಅಲ್ಲಿನ ತಮ್ಮ ಹೊಸ ವಿಳಾಸ ಸಾರಿದರು. ಹದಿನೈದು ತಿಂಗಳ ಹಿಂದೆ ಸರ್ಕಾರದ ಟೀಕಾಕಾರರು ಸಿಟ್ಟಾಗಿ ಬಿಟ್ಟ ಟ್ವಿಟರ್‌ನ ನೀಲಿ ಹಕ್ಕಿಯನ್ನು ಈಗ ಸರ್ಕಾರದ ಕಡೆಯವರು ಶಪಿಸುತ್ತಿದ್ದರು. ಗಮನಿಸಬೇಕಾದ್ದೆಂದರೆ, ಮಂತ್ರಿಗಳು ಟ್ವಿಟರ್ ಖಾತೆಗಳನ್ನೂ ಹಾಗೇ ಇಟ್ಟುಕೊಂಡರು.

ಈ ಜನಪ್ರಿಯತೆಗೆ ಬೆಲೆ ಇತ್ತು. ಭಾಷೆಯ ಆಪ್ ಒಂದು ಪಕ್ಷದ ಆಪ್ ಎಂಬ ಹೆಸರು ಹೊತ್ತಿತು. ಕನ್ನಡದಲ್ಲಿ ಹರಟಲು ಬಂದವರಿಗೆ ಆ ಗದ್ದಲ ಬೇಕಿರಲಿಲ್ಲ. ಹೊರದೇಶದಲ್ಲೂ ಅದರ ದೆಸೆ ತಿರುಗಿದ್ದು ಬೇರೆಯವರ ಜಗಳದಿಂದಲೇ: 2021ರ ಜೂನ್‌ನಲ್ಲಿ ಟ್ವಿಟರ್ ನಿಷೇಧಿಸಿದ ನೈಜೀರಿಯಾ ಸರ್ಕಾರ 'ಕೂ' ಸೇರಿತು, 2022ರ ನವೆಂಬರ್‌ನಲ್ಲಿ, ಎಲಾನ್ ಮಸ್ಕ್ ಟ್ವಿಟರ್ ಕೊಂಡ ಬೆನ್ನಿಗೆ, ಬ್ರೆಜಿಲ್‌ನವರು ಮುಗಿಬಿದ್ದರು.

ಒಂದು ಹಂತದಲ್ಲಿ ದಿನಕ್ಕೆ 21 ಲಕ್ಷ ಜನ ಬರುತ್ತಿದ್ದರೆಂದು ಸ್ಥಾಪಕರು ಹೇಳಿದ್ದಾರೆ. ಆದರೆ ಇಂಥ ಜಾಲ ಲಾಭ ಕಾಣುವ ತನಕ ವರ್ಷಗಟ್ಟಲೆ ಹಣ ಸುರಿಯಬೇಕು. ಹೂಡಿಕೆದಾರರ ಕೈ ಬಿಗಿಯಾಯಿತು, ಮಾರಾಟದ ಮಾತುಕತೆಗಳೂ ಮುರಿದವು. 2024ರ ಜುಲೈ 3ರಂದು ಸ್ಥಾಪಕರು ಅಂಗಡಿ ಮುಚ್ಚುವ ಸುದ್ದಿ ಕೊಟ್ಟರು. ಕೊಟ್ಟದ್ದು ಮೈಕ್ರೋಸಾಫ್ಟ್ ಒಡೆತನದ ಲಿಂಕ್ಡ್‌ಇನ್‌ನಲ್ಲಿ.

2025ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಸುಂಕದ ಬಿಸಿಯ ನಡುವೆ, ಸ್ವದೇಶಿ ಉತ್ಸಾಹ ಜೋಹೊ ಕಂಪನಿಯ ಮೆಸೇಜಿಂಗ್ ಆಪ್ 'ಅರಟ್ಟೈ'ಗೆ ತಿರುಗಿತು. ಮೂರು ದಿನದಲ್ಲಿ ನಿತ್ಯದ ನೋಂದಣಿ 3,000ದಿಂದ 3,50,000ಕ್ಕೆ ಏರಿತೆಂದು ಜೋಹೊ ಸ್ಥಾಪಕ ಶ್ರೀಧರ್ ವೆಂಬು ತಿಳಿಸಿದರು. ಅರಟ್ಟೈ ಸೇರಿದ ಹೆಮ್ಮೆಯನ್ನು ಪಿಯೂಷ್ ಗೋಯಲ್ ಕೂಡ ಹಂಚಿಕೊಂಡರು, ಹಿಂದೆ ಟ್ವಿಟರ್ ಆಗಿದ್ದ ಎಕ್ಸ್‌ನಲ್ಲಿ.